ಮುರಳಿಯ ಹಿಂದೆ ತಂಬೂರಿ ಹಿಡಿದು

ಸೋಮವಾರ, ೧೨ ಸೆಪ್ಟೆಂಬರ್ ೧೯೮೩, ಬೆಳಗಿನ ಜಾವ ಐದೂ ಕಾಲು.

ನಂಗಲಿ

ಪ್ರಯಾಣ ಶುರುವಾದದ್ದು ಈ ಹೊತ್ತಿಗೆ, ಹೆದ್ದಾರಿಯ ಪಕ್ಕದಲ್ಲಿರುವ ನನ್ನ ಸೋದರಮಾವನ ಲಾರಿ ಬುಕಿಂಗ್ ಆಫೀಸಿನ ಮೆಟ್ಟಿಲಿನಿಂದ. ದಿನಚರಿಯಲ್ಲಿ ಅದರ ಕೆಳಗೆ ಸಾಮಾನುಗಳನ್ನು ಬರೆದುಕೊಂಡಿದ್ದೇನೆ. ಪೆಟ್ಟಿಗೆ ಎರಡು, ಕೈಚೀಲ ಎರಡು, ತಂಬೂರಿ ಒಂದು. ಪೆಟ್ಟಿಗೆಗಳಲ್ಲಿ ಒಂದು ನನ್ನದು, ಇನ್ನೊಂದು ಮಾವನ ಮಗ ಮುರಳಿಯದು. ತಂಬೂರಿ ಮಾತ್ರ ಪೂರ್ತಿ ನನ್ನ ತಲೆಗೇ ಬಂದಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಹತ್ತನೆಯ ವಯಸ್ಸಿನಿಂದ ಮುಳಬಾಗಿಲಿನಲ್ಲಿ ಪಿಟೀಲು ಕಲಿತವನು. ಹಗಲು ಒಬ್ಬ ಆಡಿಟರ ಬಳಿ ಲೆಕ್ಕ ಬರೆಯುತ್ತೇನೆ, ಸಂಜೆ ಸಾಧನೆ ಮಾಡುತ್ತೇನೆ. ನಮ್ಮ ಎರಡೂ ಮನೆಗಳಲ್ಲಿ ಸಂಗೀತಗಾರ ಎಂದರೆ ನಾನೇ ಎಂದು ಎಲ್ಲರೂ ಒಪ್ಪಿದ್ದರು. ಮುರಳಿ ನನಗಿಂತ ಎರಡು ವರ್ಷ ಚಿಕ್ಕವನು. ಹೆಗಲ ಮೇಲೆ ಬೀಳುವ ಕೂದಲು, ಕರೆಂಟಿನ ಗಿಟಾರು. ಚಿನ್ನದ ಗಣಿಯ ಕ್ಲಬ್ಬುಗಳಲ್ಲಿ ಶನಿವಾರ ಸಂಜೆ ಅವನ ರಾಕ್ ತಂಡ ಬಾರಿಸುತ್ತಿತ್ತು. ಒಮ್ಮೆ ಕೇಳಲು ಹೋಗಿ ಎರಡನೆಯ ಹಾಡಿಗೇ ಎದ್ದು ಬಂದಿದ್ದೆ.

ಅವನು ಗಣಿಯ ಚರ್ಚಿನಲ್ಲಿ ಆರ್ಗನ್ ನುಡಿಸುವ ಮುದುಕಿಯೊಬ್ಬಳಿಂದ ಪಾಶ್ಚಾತ್ಯ ಸ್ವರಲಿಪಿ ಕಲಿತನಂತೆ. ಹದಿನಾರು ತಂತಿವಾದ್ಯಗಳಿಗೂ ಒಂದು ತಂಬೂರಿಗೂ ಹೊಂದುವ ಶಾಸ್ತ್ರೀಯ ಕೃತಿಯೊಂದನ್ನು ಬರೆದನಂತೆ. ಎಳೆಯ ರಚನಕಾರರನ್ನು ವರ್ಷಕ್ಕೊಮ್ಮೆ ಕರೆಸುವ ಪಶ್ಚಿಮ ಜರ್ಮನಿಯ ಒಂದು ಪುಟ್ಟ ಊರಿಗೆ ಅದನ್ನು ಕಳಿಸಿದನಂತೆ. ಈ ಅಂತೆಗಳನ್ನೆಲ್ಲ ಕೇಳಿ ನಾನು ಬಹಳ ನಕ್ಕಿದ್ದೆ. ಅವರು ಕರೆದರು. ತಂಬೂರಿ ಮೀಟುವವರು ಅಲ್ಲಿ ಸಿಗುವುದಿಲ್ಲವಾದ್ದರಿಂದ ಒಬ್ಬರನ್ನು ಕರೆತರಬಹುದು ಎಂದು ಎರಡನೆಯ ಟಿಕೆಟ್ಟನ್ನೂ ಕಳಿಸಿದರು.

ನಮ್ಮ ಕಡೆಯ ಕಚೇರಿಗಳಲ್ಲಿ ತಂಬೂರಿಯವನು ಎಲ್ಲಿ ಕೂರುತ್ತಾನೆಂದು ಓದುಗರಿಗೆ ಗೊತ್ತು. ಎಲ್ಲರ ಹಿಂದೆ. ಕೊನೆಯಲ್ಲಿ ವಂದನೆ ಹೇಳುವಾಗ ಶಾಮಿಯಾನದವನ ಹೆಸರು ಬಂದರೂ ಅವನ ಹೆಸರು ಬರುವುದಿಲ್ಲ.

ಬಸ್ಸು ಬರುವ ಮೊದಲು ಮಾವ ಮಗನನ್ನು ಮುಂದೆ ನಿಲ್ಲಿಸಿಕೊಂಡರು.

"ಇದೊಂದ್ಸಲ ನೋಡು ಮುರಳಿ. ತಿಳಿದೋರು ಒಪ್ಪಿದ್ರೆ ಸರಿ. ಇಲ್ದಿದ್ರೆ ವಾಪಸ್ ಬಂದವನೇ ಕೂದ್ಲು ಕತ್ತರಿಸ್ಕೊಂಡು ಈ ಕುರ್ಚಿ ಮೇಲೆ ಕೂತ್ಕೊಂಡು ಲೋಡು ಬುಕ್ ಮಾಡ್ಬೇಕು. ತೆಲಿಸಿಂದಾ?"

"ತೆಲಿಸಿಂದಿ ನಾನ್ನಾ," ಎಂದ ಮುರಳಿ. ಅವರ ಮನೆಯಲ್ಲಿ ಗಂಭೀರವಾದ ಮಾತೆಲ್ಲ ತೆಲುಗಿನಲ್ಲೇ ಮುಗಿಯುತ್ತದೆ.

ಮಾವ ನನ್ನ ಕಡೆ ತಿರುಗಿದರು. "ನಾಗೇಶ, ನನಗೆ ಆ ಟೈಂಯ್ ಟೈಂಯ್ ಅರ್ಥವಾಗಲ್ಲ. ನೀನು ಕೇಳಿ ಬಂದು ನಿಜ ಹೇಳು. ನೀನು ಸುಮ್ ಸುಮ್ನೆ ಹೊಗಳೋನಲ್ಲ, ಅದು ನಂಗೆ ಗೊತ್ತು."

ಗೊತ್ತಿರಲೇಬೇಕು. ಕಚೇರಿಗಳಲ್ಲಿ ನಾನು "ಭಲೇ" ಎಂದದ್ದು ಅಲ್ಲಿಯವರೆಗೆ ಹನ್ನೊಂದೇ ಸಲ. ಯಾರಿಗೆ, ಯಾವ ರಾಗಕ್ಕೆ, ಯಾವತ್ತು ಎಂದು ದಿನಚರಿಯ ಕೊನೆಯ ಪುಟದಲ್ಲಿದೆ. ಮಾವನ ಮಾತು ಕೇಳಿ ನನ್ನ ಎದೆಯಲ್ಲಿ ಏನೋ ಹಿತವಾಗಿ ಕೂತಿತು. ವರದಿಯ ಮೊದಲ ವಾಕ್ಯ ಕೋಲಾರ ದಾಟುವುದರೊಳಗೆ ಸಿದ್ಧವಾಗಿತ್ತು: "ಪ್ರಯತ್ನ ಪರವಾಗಿಲ್ಲ ಮಾವ, ಆದರೆ..."

ಬೊಂಬಾಯಿಯ ರೈಲು, ಆಮೇಲೆ ವಿಮಾನ

ತಂಬೂರಿಗೆ ಮಾವನ ಮನೆಯಲ್ಲಿರುವ ನಮ್ಮ ಅಜ್ಜಿ ಎರಡು ಕೌದಿ ಸುತ್ತಿದ್ದಳು. ರೈಲಿನಲ್ಲಿ ಎದುರು ಸೀಟಿನವರು, ಯಾರೋ ಕಾಯಿಲೆಯವರು ಮಲಗಿದ್ದಾರೆಂದು ತಿಳಿದು, ಬಹಳ ಹೊತ್ತು ಮೆಲ್ಲಗೆ ಮಾತಾಡಿದರು.

ನಾನು ಮುರಳಿಯನ್ನು ನೇರವಾಗಿ ಕೇಳಿದೆ. "ಅಲ್ವೋ, ಗಿಟಾರಲ್ಲಿ ಹೆಸರಾಗಿದೆ, ಹುಡುಗೀರು ಹಿಂದೆ ಬರ್ತಾರೆ. ಈ ಶಾಸ್ತ್ರೀಯ ಸಂಗೀತದ ಉಸಾಬರಿ ನಿನಗ್ಯಾಕೆ?"

ಅವನು ಕಿಟಕಿಯ ಹೊರಗೆ ನೋಡುತ್ತಾ ಹೇಳಿದ. "ಗಿಟಾರಲ್ಲಿ ಎಷ್ಟು ಬೇಕಾದ್ರೂ ಗದ್ಲ ಮಾಡ್ಬೋದು ಬಾವ. ಆದ್ರೆ ಹದಿನಾರು ಜನ ಒಟ್ಟಿಗೆ ಸುಮ್ಮನಾಗಿಬಿಡೋದು ಇದೆಯಲ್ಲ, ಅದನ್ನ ಬರೀಬೇಕು ಅನ್ಸುತ್ತೆ. ನಮ್ಮ ತಂಡದಲ್ಲಿ ಡ್ರಮ್ಮಿನೋನು ಒಂದು ನಿಮಿಷ ಸುಮ್ನಿರಲ್ಲ."

ಉತ್ತರ ಚೆನ್ನಾಗಿತ್ತು. ಅದಕ್ಕೇ ನನಗೆ ಸಿಟ್ಟು ಬಂತು.

ಬೊಂಬಾಯಿಯ ವಿಮಾನ ನಿಲ್ದಾಣದಲ್ಲಿ ಸುಂಕದವನು ಕೌದಿ ಬಿಚ್ಚಿಸಿದ. ತಂಬೂರಿಯ ಹೊಟ್ಟೆಗೆ ಕಿವಿಯಿಟ್ಟು ಬೆರಳಿನಿಂದ ತಟ್ಟಿದ. ನುಡಿಸಿ ತೋರಿಸು ಎಂದ. ನಾನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಪ, ಸ, ಸ, ಸ ಎಂದು ಮೀಟಿದೆ. ಸಾಲಿನಲ್ಲಿದ್ದವರೆಲ್ಲ ಇಣುಕಿದರು.

"ಆಮೇಲೆ?" ಎಂದ ಸುಂಕದವನು.

"ಮತ್ತೆ ಅದೇ."

"ಆಮೇಲೆ?"

"ಕೊನೆಯವರೆಗೂ ಅದೇ."

ಅವನು ನನ್ನನ್ನು ಕನಿಕರದಿಂದ ನೋಡಿ ಮುದ್ರೆ ಒತ್ತಿದ. ಮುರಳಿ ನಗು ತಡೆಯಲಾರದೆ ಗೋಡೆಗೆ ಮುಖ ಮಾಡಿ ನಿಂತಿದ್ದ.

ಹಿಲ್ಡಾ ಅವರ ಮನೆ

ಆ ಊರಿನ ಹೆಸರನ್ನು ನಾನು ಉಚ್ಚರಿಸಿದಾಗಲೆಲ್ಲ ಅಲ್ಲಿನವರು ನಕ್ಕಿದ್ದಾರೆ, ಆದ್ದರಿಂದ ಬರೆಯುವುದಿಲ್ಲ. ನದಿಯ ದಂಡೆಯ ಊರು. ಮನೆಗಳ ಚಾವಣಿ ನೋಡಿದರೆ ಮಾಲೂರಿನ ಹೆಂಚನ್ನು ಯಾರೋ ದಿನಾ ಒರೆಸಿ ಇಟ್ಟಂತೆ ಕೆಂಪು. ನಮಗೆ ಉಳಿಯಲು ಕೊಟ್ಟದ್ದು ಹಿಲ್ಡಾ ಎಂಬ ವಿಧವೆಯ ಮಾಳಿಗೆಯ ಕೋಣೆ. ಆಕೆ ಇಸ್ತ್ರಿ ಹಾಕದ ವಸ್ತು ಆ ಮನೆಯಲ್ಲಿರಲಿಲ್ಲ. ನನ್ನ ಬನಿಯನ್ನಿಗೂ ಹಾಕಿದರು. ಸಂಜೆ ಆರಕ್ಕೇ ಊಟ. ತಣ್ಣನೆಯ ಕಪ್ಪು ರೊಟ್ಟಿ, ಬೆಣ್ಣೆ, ಸೌತೆಕಾಯಿ. ಅತ್ತೆ ಕೊಟ್ಟಿದ್ದ ಶ್ರೀನಿವಾಸಪುರದ ಮಾವಿನ ಉಪ್ಪಿನಕಾಯಿಯನ್ನು ಹಿಲ್ಡಾ ಚಮಚದ ತುದಿಯಿಂದ ರುಚಿ ನೋಡಿ, ಎದ್ದು ಹೋಗಿ, ಕಣ್ಣೊರೆಸಿಕೊಂಡು ಬಂದು, ಮತ್ತೆ ಕೇಳಿದರು. ಮೂರು ದಿನದಲ್ಲಿ ಬಾಟಲಿ ಖಾಲಿಯಾಯಿತು.

ಎರಡನೆಯ ದಿನ ಒಂದು ಅನಾಹುತವಾಯಿತು. ತಂಬೂರಿಯಲ್ಲಿ ತಂತಿಗಳನ್ನು ಹೊತ್ತ ಕುದುರೆಯ ಮೇಲೆ ಪ್ರತಿ ತಂತಿಯ ಕೆಳಗೂ ಒಂದೊಂದು ನೂಲಿನ ಎಳೆ ಇರುತ್ತದೆ. ಅದಿದ್ದರೇ ಝೇಂಕಾರ, ಇಲ್ಲದಿದ್ದರೆ ಡಬ್ಬದ ಸದ್ದು. ನಾವು ಅದನ್ನು ಜೀವಾಳ ಎನ್ನುತ್ತೇವೆ. ಹಿಲ್ಡಾ ಕೋಣೆ ಗುಡಿಸುವಾಗ ಅದನ್ನು ಕಸವೆಂದು ತಿಳಿದು ನಾಲ್ಕನ್ನೂ ನೀಟಾಗಿ ಕಿತ್ತು, ತಂತಿಗಳನ್ನೂ ಒರೆಸಿಟ್ಟಿದ್ದರು. ಅವರ ಹೊಲಿಗೆ ಪೆಟ್ಟಿಗೆಯ ದಾರಗಳನ್ನೆಲ್ಲ ಇಟ್ಟು ನೋಡಿದೆವು. ನೈಲಾನು ಸೇರಿದ ದಾರ, ಒಂದೂ ಕೂರಲಿಲ್ಲ.

"ಈಗೇನು ಮಾಡೋದು ಬಾವ? ತಂಬೂರಿ ಇಲ್ದೆ ಇದಕ್ಕೆ ನೆಲಾನೇ ಇಲ್ಲ," ಎಂದು ಮುರಳಿ ಮಂಚದ ಮೇಲೆ ಕುಸಿದ.

ನನ್ನ ಪೆಟ್ಟಿಗೆಯ ತಳದಲ್ಲಿ, ಪರದೇಶದಲ್ಲಿ ಕಿತ್ತುಹೋದರೆ ಇರಲಿ ಎಂದು ಅಜ್ಜಿ ಅರಿಸಿನ ಹಚ್ಚಿ ಮಡಿಸಿ ಕೊಟ್ಟ ಹೊಸ ಜನಿವಾರವಿತ್ತು. ಕೈಯಲ್ಲಿ ನೂತ ಹತ್ತಿಯ ನೂಲು. ಅವನಿಗೆ ಅದು ಗೊತ್ತಿರಲಿಲ್ಲ. ನಾನು ಸುಮ್ಮನಿದ್ದರೆ ಕುರ್ಚಿ, ಲೋಡು, ಕತ್ತರಿಸಿದ ಕೂದಲು. ಕಾಫಿ ಒಂದು ಬಟ್ಟಲು ಕುಡಿಯುವಷ್ಟು ಹೊತ್ತು ಸುಮ್ಮನೇ ಇದ್ದೆ. ಆಮೇಲೆ ಎದ್ದು ಪೆಟ್ಟಿಗೆ ತೆಗೆದೆ. ಅವನಿಗಾಗಿ ಅಲ್ಲ. ಜೀವಾಳವಿಲ್ಲದ ತಂಬೂರಿಯನ್ನು ನೋಡಿಕೊಂಡಿರುವುದು ನನ್ನಿಂದಾಗುವುದಿಲ್ಲ.

ಎಳೆ ಬಿಡಿಸಿ ನಾಲ್ಕೂ ತಂತಿಗೆ ಇಟ್ಟೆ. ತಂಬೂರಿ ಒಮ್ಮೆಲೇ ಉಸಿರೆಳೆದುಕೊಂಡಿತು. ಹಿಲ್ಡಾ ಕೆಳಗಿನಿಂದ ಓಡಿಬಂದು ಬಾಗಿಲಲ್ಲಿ ನಿಂತರು, ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಹಾಗೇ ಇತ್ತು.

"ಅಜ್ಜಿಗೆ ಹೇಳ್ಬೇಡ," ಎಂದ ಮುರಳಿ.

ತಾಲೀಮು

ಅಲ್ಲಿನವರಿಗೆ ಒಂದು ಅಭ್ಯಾಸ. ಬೆಳಗ್ಗೆ ಬಂದ ಪ್ರತಿಯೊಬ್ಬರೂ ಕೋಣೆಯಲ್ಲಿರುವ ಪ್ರತಿಯೊಬ್ಬರ ಕೈ ಕುಲುಕಬೇಕು. ನಮ್ಮಲ್ಲಿ ಒಂದು ನಮಸ್ಕಾರದಲ್ಲಿ ಮುಗಿಯುವುದಕ್ಕೆ ಅಲ್ಲಿ ಕಾಲು ಗಂಟೆ. ಮೊದಲ ದಿನದ ನನ್ನ ಲೆಕ್ಕ ಹೀಗಿದೆ: ಕೈ ಕುಲುಕಿ ಆಮೇಲೆ ನಿಂತು ಮಾತಾಡಿಸಿದವರು, ಮುರಳಿಯನ್ನು ಹದಿನಾಲ್ಕು, ನನ್ನನ್ನು ಮೂರು. ಆ ಮೂವರಲ್ಲಿ ಒಬ್ಬ ನನ್ನನ್ನೇ ಮುರಳಿ ಎಂದುಕೊಂಡಿದ್ದ. ತಿದ್ದಲು ನಾನು ಆತುರಪಡಲಿಲ್ಲ.

ವಾದ್ಯವೃಂದ ನಡೆಸುವವರು ಯೋಹಾನ್ ಎಂಬ ತೆಳ್ಳನೆಯ ಮುದುಕರು. ವಾದಕರಿಗೆ ಶುರುವಿನಲ್ಲಿ ಮುರಳಿಯ ಮೇಲೆ ಅಂಥ ನಂಬಿಕೆಯಿರಲಿಲ್ಲ. ವಯೋಲಾ ಎಂಬ ದೊಡ್ಡ ಪಿಟೀಲು ನುಡಿಸುವ ಗಡ್ಡದವನೊಬ್ಬ ಜೇಬಿನಿಂದ ಎರಡು ಹತ್ತಿಯುಂಡೆ ತೆಗೆದು ತೋರಿಸಿದ. "ರಾಕ್ ಸಂಗೀತಗಾರ ಬರೆದದ್ದು ಅಂದರು, ಕಿವಿಗೆ ಅಂತ ತಂದೆ." ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ನಾನು.

ಮೊದಲ ಭಾಗದಲ್ಲಿ ಲಾರಿಗಳಿದ್ದವು. ಲೋಡು ತುಂಬಿದ ಲಾರಿ ನಂಗಲಿಯ ಏರು ಹತ್ತುವಾಗ ಗೇರು ಬದಲಿಸುತ್ತಾ ನರಳುತ್ತದಲ್ಲ, ಅದೇ ನರಳಾಟ ಚೆಲ್ಲೊ ಎಂಬ ಮಂದ್ರದ ವಾದ್ಯಗಳಲ್ಲಿ ಒಂದೊಂದೇ ಮೆಟ್ಟಿಲು ಇಳಿಯುತ್ತಾ ಬಂತು. ಎರಡನೆಯ ಭಾಗದಲ್ಲಿ ಅವನು ಹೇಳಿದ ಸುಮ್ಮನಿರುವಿಕೆ. ಎಲ್ಲ ಬಿಲ್ಲುಗಳೂ ನಿಂತು ನನ್ನ ತಂಬೂರಿಯೊಂದೇ ಉಳಿಯುವ ಜಾಗ. ಇದಿಷ್ಟು ಸಲೀಸಾಗಿ ಹೋಯಿತು. ಮೂರನೆಯದರ ಕೊನೆಯಲ್ಲಿ ಗಾಡಿ ಕೆಟ್ಟು ನಿಂತಿತು.

ಅಲ್ಲಿದ್ದದ್ದು ಒಂದು ಮುಕ್ತಾಯ. ನಮ್ಮ ಸಂಗೀತದಲ್ಲಿ ಒಂದು ಘಟ್ಟ ಮುಗಿಸುವಾಗ ಒಂದೇ ಲಯದ ತುಣುಕನ್ನು ಮೂರು ಸಲ ಹೇಳಿ, ತಾಳದ ಮೊದಲ ಪೆಟ್ಟಿನ ಮೇಲೆ, ಅಂದರೆ ಸಮದ ಮೇಲೆ, ಸರಿಯಾಗಿ ಇಳಿಯುತ್ತಾರೆ. ಇದು ಏಳೇಳು ಅಕ್ಷರದ ಮೂರು ಸುತ್ತು, ನಡುವೆ ಎರಡೆರಡು ಬಿಡುವು. ಕೇಳುತ್ತಿದ್ದಂತೆ ನನ್ನ ಬೆನ್ನು ನೆಟ್ಟಗಾಯಿತು. ಅದು ನನ್ನ ಮುಕ್ತಾಯ. ಮುಳಬಾಗಿಲಿನ ನಮ್ಮ ಪಿಟೀಲು ಮೇಷ್ಟ್ರು ನನಗೆ ಎರಡು ವರ್ಷ ಹೇಳಿಕೊಟ್ಟದ್ದು, ನಾನು ಅವರ ಮುಂದೆ ಒಂದು ಸಲವೂ ಸರಿಯಾಗಿ ಇಳಿಸದೇ ಹೋದದ್ದು. ಪ್ರತಿ ಸಲವೂ ಅರೆ ಅಕ್ಷರ ತಡ. "ಬಸ್ಸು ಹೋದ ಮೇಲೆ ಕೈ ತೋರಿಸ್ತೀಯಲ್ಲೋ ನಾಗೇಶ," ಎಂದು ಮೇಷ್ಟ್ರು ಪಂಚೆಯಿಂದ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ವಾದಕರೂ ಇಳಿಸಲಿಲ್ಲ. ಹದಿನಾರು ಜನ ಹದಿನಾರು ಕಡೆ ಬಿದ್ದರು. ಐದು ಸಲ ಬಿದ್ದರು. ಎಣಿಸುತ್ತಾ ಕೂತಿದ್ದ ನನಗೆ ಬೇಜಾರೇನೂ ಆಗಲಿಲ್ಲ.

ಬಿಡುವಿನಲ್ಲಿ ಮುರಳಿಯನ್ನು ಹಿಡಿದುಕೊಂಡೆ. "ಲೇ, ಇದು ನಿನಗೆಲ್ಲಿ ಸಿಕ್ತು?"

"ಇನ್ನೆಲ್ಲಿ? ನಿನ್ನ ಕ್ರಿಕೆಟ್ಟಿಗೆ ಕರ್ಕೊಂಡು ಹೋಗೋಣ ಅಂತ ಬಂದು ಮೇಷ್ಟ್ರ ಮನೆ ಜಗಲೀ ಮೇಲೆ ಕಾಯ್ತಿದ್ನಲ್ಲ." ಅವನು ನಿಜವಾದ ಪ್ರೀತಿಯಿಂದಲೇ ಹೇಳಿದ. "ನೀನು ತಪ್ಪಿದಷ್ಟೂ ಸಲ ಅವರು ಮತ್ತೆ ಹೇಳೋರು. ನೀನು ತಪ್ಪಿದಷ್ಟೂ ನಂಗೆ ಗಟ್ಟಿಯಾಯ್ತು ಬಾವ."

ಯೋಹಾನ್ ಬಂದು ಮುರಳಿಯ ಹೆಗಲ ಮೇಲೆ ಕೈಯಿಟ್ಟರು. ಇದನ್ನು ನಾಲ್ಕರ ಲೆಕ್ಕಕ್ಕೆ ಬದಲಾಯಿಸಬಹುದೇ, ಇಲ್ಲವೇ ಕತ್ತರಿಸಬಹುದೇ ಎಂದರು. ಮುರಳಿಯ ಮುಖ ಸಣ್ಣದಾಯಿತು. ಅವನು ನನ್ನ ಕಡೆ ನೋಡಿದ. "ಬಾವ, ನೀನೊಂದ್ಸಲ ಬಾಯಲ್ಲಿ ಹೇಳಿ ತೋರಿಸ್ತೀಯಾ?"

ಹೀಗಾಗಿ ಕೋಲಾರ ಜಿಲ್ಲೆಯ ನಾನು ಜರ್ಮನರ ಹದಿನಾರು ಕುರ್ಚಿಗಳ ನಡುವೆ ನಿಂತು, ತೊಡೆ ತಟ್ಟಿಕೊಂಡು, "ತಕಿಟ ತಕದಿಮಿ" ಎಂದು ಒಂದು ಪೂರ್ತಿ ಮಧ್ಯಾಹ್ನ ಕೂಗಿದೆ. ಅವರು ಕಲಿಯುವ ರೀತಿ ಬೇರೆ. ಯಾರೂ ಕಣ್ಣು ಮುಚ್ಚಿ ತಲೆಯಾಡಿಸಲಿಲ್ಲ. ಕಿವಿಯ ಹಿಂದಿನಿಂದ ಪೆನ್ಸಿಲು ತೆಗೆದು ಕಾಗದದ ಮೇಲೆ ಸಣ್ಣ ಗೀಟುಗಳನ್ನು ಹಾಕಿಕೊಂಡರು, ಬಿಡುವಿನ ಜಾಗಕ್ಕೆ ಸೊನ್ನೆ ಬರೆದರು. ಗಡ್ಡದವನು ನನ್ನನ್ನು ಒಂದೇ ಪ್ರಶ್ನೆ ಕೇಳಿದ, ಮೂರನೆಯ ಸುತ್ತಿನಲ್ಲಿ ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಎಂದು. ಹನ್ನೆರಡು ವರ್ಷದಲ್ಲಿ ನಾನು ಮೇಷ್ಟ್ರನ್ನು ಅದನ್ನು ಕೇಳಿರಲಿಲ್ಲ.

ಭಾನುವಾರ

೧೮ ಸೆಪ್ಟೆಂಬರ್. ಕಚೇರಿ ಬೆಳಗ್ಗೆ ಹನ್ನೊಂದಕ್ಕೆ. ನಮ್ಮಲ್ಲಿ ಆ ಹೊತ್ತಿಗೆ ಮದುವೆಯ ಓಲಗ ಬಿಟ್ಟರೆ ಇನ್ನೇನೂ ಕೇಳಿಸದು. ಸಭಾಂಗಣ ತುಂಬಿತ್ತು. ಹಿಲ್ಡಾ ತಮ್ಮ ಬೀದಿಯವರನ್ನೆಲ್ಲ ಕರೆತಂದಿದ್ದರು. ಆ ಪ್ರಾಂತ್ಯದ ರೇಡಿಯೋದವರು ಮುಂದೆ ಮೂರು ಮೈಕು ನಿಲ್ಲಿಸಿದ್ದರು, ನನ್ನ ತಂಬೂರಿಯ ಹತ್ತಿರ ಒಂದು. ಅಚ್ಚಾದ ಹಾಳೆಯಲ್ಲಿ ಮುರಳಿಯ ಹೆಸರು ದಪ್ಪಕ್ಷರದಲ್ಲಿತ್ತು. ನನ್ನ ಹೆಸರಿನ ಜಾಗದಲ್ಲಿ "ತಂಬೂರಿ" ಎಂದಷ್ಟೇ ಇತ್ತು.

ವೇದಿಕೆಯ ಮೇಲೆ ನೆಲದಲ್ಲಿ ಕೂತವನು ನಾನೊಬ್ಬನೇ. ಅಲ್ಲಿಂದ ನನಗೆ ಕಾಣುತ್ತಿದ್ದದ್ದು ಹದಿನಾರು ಜೊತೆ ಪಾಲಿಷ್ ಮಾಡಿದ ಬೂಟುಗಳು, ಅವುಗಳ ನಡುವಿನಿಂದ ಮೊದಲ ಸಾಲಿನಲ್ಲಿ ಉಗುರು ಕಚ್ಚುತ್ತಿದ್ದ ಮುರಳಿ.

ಅಲ್ಲಿನ ಶ್ರೋತೃಗಳ ಮೌನವನ್ನು ನಮ್ಮವರಿಗೆ ವಿವರಿಸುವುದು ಕಷ್ಟ. ತಲೆಯಾಡಿಸುವುದಿಲ್ಲ. ತಾಳ ಹಾಕುವುದಿಲ್ಲ. ಒಂದು ಭಾಗ ಮುಗಿದರೂ ಚಪ್ಪಾಳೆಯಿಲ್ಲ, ಪೂರ್ತಿ ಮುಗಿಯುವವರೆಗೆ ಕಾಯಬೇಕು. ಕೆಮ್ಮುವವರು ಎರಡು ಭಾಗಗಳ ನಡುವೆ ಸರದಿಯಂತೆ ಕೆಮ್ಮಿ ಮುಗಿಸುತ್ತಾರೆ. ಲಾರಿಗಳು ಏರು ಹತ್ತಿ ಹೋದವು. ಸರದಿಯ ಕೆಮ್ಮು. ಆಮೇಲೆ ಬಿಲ್ಲುಗಳೆಲ್ಲ ನಿಂತು, ಅಷ್ಟು ದೊಡ್ಡ ಸಭೆಯಲ್ಲಿ ಅಜ್ಜಿಯ ನೂಲಿನ ಝೇಂಕಾರವೊಂದೇ ಉಳಿಯಿತು. ನಾನು ವರದಿಯ ಎರಡನೆಯ ವಾಕ್ಯವನ್ನು ಹುಡುಕುತ್ತಾ ಮೀಟುತ್ತಿದ್ದೆ. ಹುಡುಕುತ್ತಿದ್ದದ್ದು ತಪ್ಪುಗಳನ್ನೇ. ಸಿಗುತ್ತಿರಲಿಲ್ಲ.

ಮೂರನೆಯದರ ಕೊನೆ ಬಂತು. ಮೊದಲ ಏಳು, ಪಿಟೀಲುಗಳಲ್ಲಿ. ಬಿಡುವು. ಎರಡನೆಯ ಏಳು, ವಯೋಲಾಗಳಲ್ಲಿ, ಗಡ್ಡದವನ ಬೂಟು ನೆಲಕ್ಕೆ ತಾಗದಂತೆ ತಾಳ ಹಾಕುತ್ತಿತ್ತು. ಬಿಡುವು. ಮೂರನೆಯದನ್ನು ಮುರಳಿ ಎಲ್ಲರಿಗೂ ಬರೆದಿದ್ದ. ಅವರು ಉಸಿರು ತೆಗೆದುಕೊಂಡದ್ದು ನನಗೆ ಕೇಳಿಸಿತು. ಹದಿನಾರು ಬಿಲ್ಲುಗಳು ಒಂದೇ ಬಿಲ್ಲಿನ ಹಾಗೆ ಇಳಿದವು, ನನ್ನ ಷಡ್ಜದ ಮೇಲೆ, ಸಮಕ್ಕೆ ಸರಿಯಾಗಿ, ಕೂದಲೆಳೆಯಷ್ಟೂ ಆಚೀಚೆಯಿಲ್ಲದೆ.

"ಭಲೇ!"

ಯಾರೋ ಕೂಗಿದರು ಎಂದು ನನಗನ್ನಿಸಿತು. ಬೂಟುಗಳು ತಿರುಗಿದವು. ಮೊದಲ ಸಾಲಿನಲ್ಲಿ ಒಬ್ಬಾಕೆ ಎದೆಯ ಮೇಲೆ ಕೈಯಿಟ್ಟುಕೊಂಡಿದ್ದಳು. ನನ್ನ ಎಡಗೈ ಗಾಳಿಯಲ್ಲಿ ಮೇಲೆದ್ದು ನಿಂತಿತ್ತು, ನಮ್ಮ ಕಚೇರಿಗಳಲ್ಲಿ ಏಳುವ ಹಾಗೆ. ಮುರಳಿ ಉಗುರು ಕಚ್ಚುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದ. ಆಮೇಲೆ ಚಪ್ಪಾಳೆ ಶುರುವಾಯಿತು. ಅವರ ಚಪ್ಪಾಳೆಯೂ ಮೌನದಷ್ಟೇ ಶಿಸ್ತಿನದು, ನಿಲ್ಲುವುದೇ ಇಲ್ಲ.

ವೇದಿಕೆಯ ಹಿಂದೆ ಮುರಳಿ ಬಂದು ನನ್ನ ಪಕ್ಕದಲ್ಲಿ ನೆಲಕ್ಕೆ ಕೂತ. "ಬಾವ, ನೀನಾ ಅಂದಿದ್ದು?"

"ಅಭ್ಯಾಸ ಕಣೋ. ಬಾಯಿ ತಪ್ಪಿ ಬಂತು."

"ಬಾಯಿ ತಪ್ಪಿ ಬರದೆ ಇನ್ನೆಂಗೆ ಬರುತ್ತೆ ಭಲೇ?" ಎಂದ. ಅವನ ಕಣ್ಣು ಒದ್ದೆಯಾಗಿತ್ತು. ನಾನು ತಂಬೂರಿಗೆ ಕೌದಿ ಸುತ್ತಲು ಶುರುಮಾಡಿದೆ.

ಯೋಹಾನ್ ಬಂದವರು ಗಂಭೀರವಾಗಿ ಮುರಳಿಯನ್ನು ಕೇಳಿದರು. ಆ ಶಬ್ದ ಸ್ವರಪತ್ರದಲ್ಲಿ ಏಕಿಲ್ಲ? ಅದಿಲ್ಲದೆ ಇನ್ನು ಆ ಜಾಗ ಬರಿದೆನ್ನಿಸುತ್ತದೆ. ಮುರಳಿ ನನ್ನನ್ನು ನೋಡಿ ನಕ್ಕು, ಅವರ ಪೆನ್ಸಿಲನ್ನೇ ಇಸಿದುಕೊಂಡು, ಸಮದ ನೆತ್ತಿಯ ಮೇಲೆ ಬರೆದ: ಭಲೇ. ಕನ್ನಡದಲ್ಲಿ, ಕೆಳಗೆ ಅವರ ಲಿಪಿಯಲ್ಲಿ.

ಒಂದು ವರ್ಷ ತಮ್ಮ ಬಳಿ ಕಲಿಯಲು ನಿಲ್ಲು ಎಂದೂ ಅವರು ಮುರಳಿಗೆ ಹೇಳಿದರು. ನನಗೆ ಹೇಳಲಿಲ್ಲ. ನನಗೇಕೆ ಹೇಳುತ್ತಾರೆ?

ವಾಪಸು ನಂಗಲಿ

ಮುರಳಿ ರೈಲು ನಿಲ್ದಾಣದವರೆಗೆ ಬಂದು, "ಅಪ್ಪನಿಗೆ ನೀನೇ ಹೇಳ್ಬೇಕು ಬಾವ. ನೀನು ಏನು ಹೇಳಿದ್ರೆ ಅದು," ಎಂದ. ನಾನೂ ತಂಬೂರಿಯೂ ಹಿಂತಿರುಗಿದೆವು.

ಬುಕಿಂಗ್ ಆಫೀಸಿನಲ್ಲಿ ಆ ಕುರ್ಚಿ ಒರೆಸಿಟ್ಟು ಸಿದ್ಧವಾಗಿತ್ತು. ಹೊರಗೆ ಒಂದು ಲಾರಿ ಏರಿನಲ್ಲಿ ಗೇರು ಬದಲಿಸುತ್ತಿತ್ತು. ನನಗೆ ಚೆಲ್ಲೊಗಳು ಕೇಳಿಸಿದವು. ಇನ್ನು ಈ ಜನ್ಮದಲ್ಲಿ ನನಗೆ ಲಾರಿ ಬರೀ ಲಾರಿಯಾಗಿ ಕೇಳಿಸುವುದಿಲ್ಲ, ಅದನ್ನೂ ಅವನು ಕಿತ್ತುಕೊಂಡ.

"ಏನಾಯ್ತೋ? ನಿಜ ಹೇಳು," ಎಂದರು ಮಾವ.

ಕೋಲಾರದ ಹತ್ತಿರ ಸಿದ್ಧವಾಗಿದ್ದ ವಾಕ್ಯ ನಾಲಿಗೆಯ ತುದಿಯವರೆಗೆ ಬಂತು. "ಪ್ರಯತ್ನ..." ಎಂದೆ. ಆಮೇಲೆ, "ಭಲೇ ಅಂದೆ ಮಾವ," ಎಂದುಬಿಟ್ಟೆ.

ಮಾವ, "ನೀನು? ನಮ್ಮ ಮುರಳಿಗೆ?" ಎಂದು ಕೇಳಿ, ಕುರ್ಚಿಯನ್ನು ಎಳೆದು ಅದರ ಮೇಲೆ ತಾವೇ ಕೂತರು. "ಹಂಗಾದ್ರೆ ಇರಲಿ ಬಿಡು ಅಲ್ಲೇ."

ಆಫೀಸಿನ ಹಿಂದೆಯೇ ಇರುವ ಮನೆಯೊಳಗಿನಿಂದ ಅಜ್ಜಿ ಕೇಳಿಸಿಕೊಂಡಳು. "ಅದೇಮಿರಾ ನಾಗೇಶ, ಭಲೇ ಅನ್ನೋದಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ? ಇಲ್ಲೇ ಒಂದ್ಸಲ ಅಂದಿದ್ರೆ ಆಗ್ತಿರ್ಲಿಲ್ವಾ?"

ದಿನಚರಿಯ ಕೊನೆಯ ಪುಟದಲ್ಲಿ ಹನ್ನೆರಡನೆಯದನ್ನು ಬರೆದಿದ್ದೇನೆ. ರಾಗದ ಜಾಗ ಖಾಲಿ ಬಿಟ್ಟಿದ್ದೇನೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಕಥನ ಬರೆಯುತ್ತಿರಲಿಲ್ಲ. ಮೊನ್ನೆ ಮುರಳಿ ಕಾಗದ ಬರೆದಿದ್ದಾನೆ. ಆ ಕೃತಿಯನ್ನು ಇನ್ನೊಂದು ಊರಿನಲ್ಲೂ ನುಡಿಸಿದರಂತೆ. ತಂಬೂರಿಗೆ ಅಲ್ಲಿಯದೇ ಒಬ್ಬ ವಿದ್ಯಾರ್ಥಿ. ಸ್ವರಪತ್ರದಲ್ಲಿ ಬರೆದಿರುವ ಜಾಗಕ್ಕೆ ಸರಿಯಾಗಿ, ಪ್ರತಿ ತಾಲೀಮಿನಲ್ಲೂ ಕಚೇರಿಯಲ್ಲೂ, ಅವನು "ಬಾಲೆ" ಎನ್ನುತ್ತಾನಂತೆ. "ಒಂದ್ಸಲವೂ ತಪ್ಪಲ್ಲ ಬಾವ," ಎಂದು ಬರೆದಿದ್ದಾನೆ. ಕೃತಿ ಅವನದಾಯಿತು, ಲಾರಿ ಅವನದಾಯಿತು, ನನ್ನ ಮುಕ್ತಾಯ ಹದಿನಾರು ಜನರದಾಯಿತು. ಈಗ ಇದೂ ಒಬ್ಬ ಜರ್ಮನನದು. ಅದನ್ನು ಓದಿದ ದಿನ ನಾನು ಊಟ ಸರಿಯಾಗಿ ಮಾಡಲಿಲ್ಲ.

ಎರಡೂ ಕಚೇರಿಗಳನ್ನು ಅಲ್ಲಿನ ರೇಡಿಯೋ ಪ್ರಸಾರ ಮಾಡಿದೆ ಎಂದು ತಿಳಿದಿದೆ. ನಮ್ಮ ಕಡೆಯವರು ಯಾರಾದರೂ ಓದಿಗೋ ಕೆಲಸಕ್ಕೋ ಅಲ್ಲಿದ್ದು ಅದನ್ನು ಕೇಳಿದ್ದರೆ, ಅಥವಾ ಟೇಪಿಗೆ ಹಿಡಿದಿಟ್ಟುಕೊಂಡಿದ್ದರೆ, ಈ ಪತ್ರಿಕೆಯ ವಿಳಾಸಕ್ಕೆ ನನ್ನ ಹೆಸರಿಗೆ ಒಂದು ಕಾರ್ಡು ಹಾಕಿ. ಮೊದಲನೆಯ ಕಚೇರಿಯ ಟೇಪಿನಲ್ಲಿ ಆ ಶಬ್ದವನ್ನು ಉಳಿಸಿದ್ದಾರೋ ಕತ್ತರಿಸಿದ್ದಾರೋ ನನಗೆ ತಿಳಿಯಬೇಕು. ಯಾವುದು ಯಾರದೆಂದು ಗುರುತಿಸುವುದು ಸುಲಭ. ಸಮದ ಮೇಲೆ ಸರಿಯಾಗಿ ಬೀಳುವುದು ಆ ವಿದ್ಯಾರ್ಥಿಯದು. ಅರೆ ಅಕ್ಷರ ತಡವಾಗಿ ಬೀಳುವುದು ನನ್ನದು.